ಕರಗಿಸದೆ ಕಟ್ಟುವ ಅಲ್ಯುಮಿನಿಯಂ

ಯಂತ್ರದ ಅಲ್ಯುಮಿನಿಯಂ ಭಾಗ ಬಿರುಕು ಬಿಟ್ಟಾಗ ಹಲಕರ್ಣಿಯ ರೈತನಾಗಲಿ, ಇಚಲಕರಂಜಿಯ ಕಾರ್ಖಾನೆದಾರನಾಗಲಿ ಮೊದಲು ಕೇಳುವುದು ‘ವೆಲ್ಡಿಂಗ್ ಆದೀತೇ?’ ಎಂದು. ಆರ್ಗಾನ್ ವೆಲ್ಡಿಂಗಿನ ನುರಿತ ಕೈಗೂ ಇದು ಸುಲಭದ ಕೆಲಸವಲ್ಲ. ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಕರಗಿದ ಲೋಹ ಜಲಜನಕವನ್ನು ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಅದನ್ನು ಹೊರಹಾಕಿ ಒಳಗೆಲ್ಲ ರಂಧ್ರ ಉಳಿಸುತ್ತದೆ. ವಿಮಾನಕ್ಕೆ ಬಳಸುವ ಕೆಲವು ಮಿಶ್ರಲೋಹಗಳಂತೂ ಆರುವಾಗಲೇ ಸೀಳುತ್ತವೆ. ಹೀಗಾಗಿ ಎಷ್ಟೋ ಬೆಲೆಬಾಳುವ ಭಾಗಗಳು ಗುಜರಿಯ ಪಾಲಾಗುತ್ತವೆ.

ಕರಗಿಸುವುದೇ ತೊಡಕಾದರೆ ಕರಗಿಸದೆಯೇ ಕೂಡಿಸಬಾರದೇಕೆ? ಇಂಗ್ಲೆಂಡಿನ ವೆಲ್ಡಿಂಗ್ ಸಂಸ್ಥೆ 1991ರಲ್ಲಿ ಘರ್ಷಣೆಯಿಂದ ಕಲಕಿ ಬೆಸೆಯುವ ವಿಧಾನವನ್ನು ರೂಪಿಸಿತು. ಅದರಿಂದಲೇ ಹುಟ್ಟಿದ್ದು ಪದರದ ಮೇಲೆ ಪದರ ಕಟ್ಟುವ ದುರಸ್ತಿ. ತಿರುಗುವ ಟೂಲಿನ ನಡುವಿನಿಂದ ಅಲ್ಯುಮಿನಿಯಂ ಸರಳನ್ನು ಸವೆದ ಜಾಗಕ್ಕೆ ಒತ್ತುತ್ತಾರೆ. ತಿಕ್ಕಾಟದ ಶಾಖಕ್ಕೆ ಸರಳಿನ ತುದಿ, ಆಲೆಮನೆಯಲ್ಲಿ ಇನ್ನೂ ಬಿಸಿಯಿರುವ ಬೆಲ್ಲದಂತೆ, ನೀರಾಗದೆ ಮೆತ್ತಗಾಗಿ ತಳದ ಲೋಹದೊಂದಿಗೆ ಬೆರೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಘರ್ಷಣಾ ಬೆಸುಗೆಯ ಸಂಶೋಧನೆ ಹಲವು ವರ್ಷಗಳಿಂದ ನಡೆದಿದೆ.

ಆದರೆ ತಣ್ಣನೆಯ ಸರಳನ್ನು ಒತ್ತಲು ಟನ್ನಿನ ಲೆಕ್ಕದ ಬಲ ಬೇಕು. ಅದಕ್ಕೆ ತಕ್ಕ ಭಾರೀ ಯಂತ್ರವೂ ಬೇಕು. ವಿದ್ಯುತ್ತು ನೆರವಿಗೆ ಬರುವುದು ಇಲ್ಲಿಯೇ. ಸರಳಿನ ಮೂಲಕ ಪ್ರವಾಹ ಹರಿಸಿದರೆ ಲೋಹ ಒಳಗಿನಿಂದಲೇ ಕಾದು ಮೆದುವಾಗುತ್ತದೆ. ಒತ್ತುವ ಬಲ ತಗ್ಗುತ್ತದೆ, ಟೂಲಿನ ಸವೆತವೂ ಕಡಿಮೆಯಾಗುತ್ತದೆ. ಬಲ ತಗ್ಗಿದಷ್ಟೂ ಯಂತ್ರ ಹಗುರಾಗಬಹುದು. ಸಣ್ಣ ವರ್ಕ್‌ಶಾಪಿನವರಿಗೆ ಮುಖ್ಯವಾದದ್ದು ಇದೇ.

ಅಲ್ಯುಮಿನಿಯಂ ಉತ್ತಮ ವಾಹಕ. ಆದ್ದರಿಂದ ವೋಲ್ಟ್ ಕೆಲವೇ ಸಾಕಾದರೂ ಆಂಪಿಯರ್ ನೂರಾರು ಬೇಕಾಗುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುವುದರಿಂದ ಹತೋಟಿ ನಾಜೂಕಿನದು. ಶಾಖ ಮಿತಿಮೀರಿದರೆ ಸರಳು ಟೂಲಿನೊಳಗೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣುವುದಿಲ್ಲ: 6061, 7075ರಂಥ ಮಿಶ್ರಲೋಹಗಳಿಗೆ ಬಲ ಕೊಡುವ ಸೂಕ್ಷ್ಮ ಕಣಗಳು ಹೆಚ್ಚು ಶಾಖಕ್ಕೆ ದಪ್ಪಗಾಗಿ, ದುರಸ್ತಿಯಾದ ಜಾಗ ಮೂಲಕ್ಕಿಂತ ಮೆದುವಾಗಿ ಉಳಿಯಬಹುದು. ಮತ್ತೆ ಶಾಖೋಪಚಾರ ಮಾಡಬೇಕೆಂದರೆ ಕುಲುಮೆಯ ಖರ್ಚು, ಭಾಗ ಸೊಟ್ಟಗಾಗುವ ಭಯ.

ವಿದ್ಯುತ್ತಿನ ಈ ನೆರವು ಇಂದಿಗೂ ಬಹುಪಾಲು ಪ್ರಯೋಗಶಾಲೆಯ ವಿಷಯ. ಎರಕಕ್ಕೂ ಎಂಜಿನಿಯರಿಂಗಿಗೂ ಹೆಸರಾದ ಕೊಲ್ಲಾಪುರದ ಶಿರೋಳಿ, ಗೋಕುಳ ಶಿರಗಾಂವಗಳಿಗೆ ಅದು ಬಂದರೂ ಕಟ್ಟಿದ ಪದರ ಒರಟಾಗಿಯೇ ಇರುತ್ತದೆ. ಅದನ್ನು ಕೆತ್ತಿ ಅಳತೆಗೆ ತರುವ ಕೆಲಸ ಲೇತು, ಮಿಲ್ಲಿಂಗ್ ಯಂತ್ರಗಳ ಮುಂದೆ ನಿಂತವರದೇ.