ಹೆಣ್ಣಾಳಿನ ಕೂಲಿ ಮತ್ತು ಮನೆಯ ನೆಮ್ಮದಿ



ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಸುತ್ತಿನ ಮೆಕ್ಕೆಜೋಳದ ಹೊಲಗಳನ್ನು ಗಮನಿಸಿರಿ. ಕಳೆ ತೆಗೆಯುವುದು, ತೆನೆ ಮುರಿಯುವುದು ಬಹುಮಟ್ಟಿಗೆ ಹೆಣ್ಣುಮಕ್ಕಳ ಕೆಲಸ. ಆದರೂ ಗಂಡಾಳಿಗೆ ಹೆಚ್ಚು, ಹೆಣ್ಣಾಳಿಗೆ ಕಡಿಮೆ ಕೂಲಿ ಕೊಡುವುದು ಹಳೆಯ ರೂಢಿ. ಸಮಾನ ಕೆಲಸಕ್ಕೆ ಸಮಾನ ಕೂಲಿ ಕೊಡಬೇಕೆಂಬ ಕಾನೂನು 1976ರಲ್ಲಿಯೇ ಬಂದಿತು.

ಕೂಲಿ ಎಷ್ಟೆಂಬುದು ಹೊಲದ ಮಾತಾದರೆ, ಅದು ಯಾರ ಕೈಯಲ್ಲಿರಬೇಕೆಂಬುದು ಮನೆಯ ಮಾತು. ಅನೇಕ ಮನೆಗಳಲ್ಲಿ ಜಗಳ ಹುಟ್ಟುವುದು ಇಲ್ಲಿಯೇ. ‘ಹೆಂಡತಿ ದುಡಿದು ತಂದರೆ ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆಯೂ ಇದಕ್ಕೆ ಕಾರಣ.

ಬೆಂಗಳೂರಿನ ಬಡ ಬಡಾವಣೆಗಳ 744 ಮಂದಿ ವಿವಾಹಿತ ಯುವತಿಯರನ್ನು ಕುರಿತ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರ ಮೇಲೆ ಗಂಡನ ಹಿಂಸೆಯ ಸಂಭವ ಹೆಚ್ಚಿದ್ದುದು ಅದರಲ್ಲಿ ಕಂಡುಬಂದಿತು. ಗಂಡನಿಗೆ ಕೆಲಸ ಸಿಗುವುದು ಕಷ್ಟವಾದ ಮನೆಗಳಲ್ಲಿಯೂ ಹಾಗೆಯೇ ಆಗಿತ್ತು. ಹಾಗೆಂದು ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸುವುದು ಪರಿಹಾರವಲ್ಲ. ತಪ್ಪು ದುಡಿಮೆಯದಲ್ಲ, ಕೈ ಎತ್ತುವವನದು.

ಹಳ್ಳಿಗಾಡಿನ ಅನುಭವವೂ ಒಂದಿದೆ. ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತರಿ ಕೂಲಿಯನ್ನು ಮಹಿಳೆಯರ ಸ್ವಂತ ಬ್ಯಾಂಕ್ ಖಾತೆಗೇ ಹಾಕಿ, ಖಾತೆ ನಡೆಸಲು ಕಲಿಸಲಾಯಿತು. ಅವರು ಹೆಚ್ಚು ದುಡಿಯತೊಡಗಿದರು. ಹೆಣ್ಣು ಹೊರಗೆ ದುಡಿಯಬಾರದೆಂಬ ಭಾವನೆಯೂ ಅವರಲ್ಲಿ ಸಡಿಲವಾಯಿತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶ ನಮಗೂ ಪಾಠ.

ಆದುದರಿಂದ ನೀವು ಈ ಕ್ರಮಗಳನ್ನು ಅನುಸರಿಸಬಹುದು:

1. ನಿಮ್ಮ ಹೊಲದಲ್ಲಿ ಒಂದೇ ಕೆಲಸಕ್ಕೆ ಒಂದೇ ಕೂಲಿ ಕೊಡಿರಿ. ಹೆಣ್ಣಾಳಿನ ಕೂಲಿಯನ್ನು ಆಕೆಯ ಕೈಗೇ ಕೊಡಿರಿ, ಗಂಡನ ಸಾಲಕ್ಕೆ ಮುರಿದುಕೊಳ್ಳಬೇಡಿರಿ.

2. ಮನೆಯಾಕೆಯ ಹೆಸರಿನಲ್ಲಿ ಪ್ರತ್ಯೇಕ ಖಾತೆ ಇರಲಿ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯೂ ಆಕೆಯದೇ. ಬೀಜ, ಗೊಬ್ಬರ, ಸಾಲದ ಲೆಕ್ಕವನ್ನು ಇಬ್ಬರೂ ಕೂಡಿ ಕುಳಿತು ನೋಡಿರಿ.

3. ಆಕೆ ಹೊಲಕ್ಕೆ ಹೋದ ದಿನ ನೀರು, ದನಕರು, ಮಕ್ಕಳ ಕೆಲಸದಲ್ಲಿ ಗಂಡಸರೂ ಪಾಲು ತೆಗೆದುಕೊಳ್ಳಿರಿ.

4. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟಿದೆ. ಪಾಲು ಮಾಡುವಾಗ ಇದನ್ನು ಮರೆಯದಿರಿ.

ಇನ್ನು ಓದುವ ತಾಯಂದಿರಿಗೆ ಒಂದು ಮಾತು. ಹೊಡೆತ ಬಡಿತವನ್ನು ಮನೆಯ ಗುಟ್ಟೆಂದು ನುಂಗಿಕೊಳ್ಳಬೇಡಿರಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ ನಿಮಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಲ್ಲಿ ದೂರು ಕೊಡಬಹುದು.

ಜೋಡೆತ್ತಿನಲ್ಲಿ ಒಂದನ್ನು ಅರೆಹೊಟ್ಟೆ ಕಟ್ಟಿ ಯಾವ ರೈತನೂ ಉಳುಮೆಗೆ ಹೂಡುವುದಿಲ್ಲ. ಸಂಸಾರಕ್ಕೂ ಅದೇ ನ್ಯಾಯ.