ನೀರಿನ ಉಸಿರನ್ನು ಅಳೆಯುವ ಬಗೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಕೈಗಾರಿಕಾ ಪ್ರದೇಶಗಳಲ್ಲಿ ತಾರಿಹಾಳವೂ ಒಂದು. ಇಂತಹ ಯಾವ ನೆಲೆಯಲ್ಲಾದರೂ ಸಿದ್ಧವಾದ ಸರಕು ಮುಂಬಾಗಿಲಿನಿಂದ ಹೊರಟರೆ, ಬಳಸಿದ ನೀರು ಹಿಂದಿನ ಕಾಲುವೆಯಿಂದ ಹೊರಡುತ್ತದೆ. ಅದನ್ನು ಹಳ್ಳಕ್ಕೆ ಬಿಡಬಹುದೇ? ತಿಳಿಯಾಗಿ ಕಂಡ ಮಾತ್ರಕ್ಕೆ ಒಪ್ಪಲಾಗದು. ಸಕ್ಕರೆ ಕರಗಿದ ನೀರೂ ತಿಳಿಯಾಗಿಯೇ ಇರುತ್ತದೆ. ಅದು ವಿಷವೂ ಅಲ್ಲ. ಆದರೂ ಹೇರಳವಾಗಿ ಹಳ್ಳ ಸೇರಿದರೆ ಮೀನುಗಳು ಸಾಯುತ್ತವೆ. ಸಕ್ಕರೆಯನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹೀರಿಕೊಳ್ಳಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ.

ಕೊಳೆಯ ಬಗೆಗಳು ನೂರಾರು. ಒಂದೊಂದನ್ನೂ ಬೇರ್ಪಡಿಸಿ ತೂಗುವುದು ಅಸಾಧ್ಯವೇ ಸರಿ. ಆದುದರಿಂದ ವಿಜ್ಞಾನಿಗಳು ಕೊಳೆಯನ್ನು ಬಿಟ್ಟು, ಅದರಿಂದ ಕಡಿಮೆಯಾಗುವ ಆಮ್ಲಜನಕವನ್ನು ಅಳೆಯುತ್ತಾರೆ. ಇದಕ್ಕೆ ಜೈವಿಕ ಆಮ್ಲಜನಕ ಬೇಡಿಕೆ ಎಂದು ಹೆಸರು.

ಪರೀಕ್ಷಿಸುವ ನೀರಿನ ಒಂದು ಪಾಲನ್ನು ಶುದ್ಧ ನೀರಿನೊಡನೆ ಬೆರೆಸಿ ನೂರು ಪಾಲು ಮಾಡಿದರೆಂದು ಭಾವಿಸೋಣ. ಅದನ್ನು ಸೀಸೆಗಳಲ್ಲಿ ಗುಳ್ಳೆಯಿಲ್ಲದಂತೆ ತುಂಬಿ, ಬಿರಡೆ ಬಿಗಿದು, 27 ಡಿಗ್ರಿಯಲ್ಲಿ ಮೂರು ದಿನ ಕತ್ತಲೆಯಲ್ಲಿಡುತ್ತಾರೆ. ಬೆಳಕು ಬಿದ್ದರೆ ಪಾಚಿ ಹೊಸ ಆಮ್ಲಜನಕವನ್ನು ತಯಾರಿಸಿ ಲೆಕ್ಕ ಕೆಡಿಸೀತು. ಆಮ್ಲಜನಕವನ್ನು ಅಳೆಯುವ ಕ್ರಮವನ್ನು ಹಂಗೇರಿಯ ವಿಂಕ್ಲರ್ 1888ರಲ್ಲಿ ತಿಳಿಸಿದನು: ನೀರಿನ ಆಮ್ಲಜನಕಕ್ಕೆ ಸಮನಾದ ಅಯೋಡಿನ್ ಬಿಡುಗಡೆಯಾಗುವಂತೆ ಮಾಡಿ, ಗಂಜಿಯ ನೀಲಿ ಬಣ್ಣ ಮಾಯವಾಗುವವರೆಗೆ ಬ್ಯೂರೆಟ್ಟಿನಿಂದ ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ಹನಿಸುವುದು.

ಮೊದಲ ದಿನ ಲೀಟರಿಗೆ 7.5 ಮಿಲಿಗ್ರಾಂ, ಮೂರು ದಿನಗಳ ಬಳಿಕ 4.5 ಎಂದು ಕಂಡುಬಂದರೆ ಇಳಿಕೆ 3. ನೂರರಿಂದ ಗುಣಿಸಿದರೆ 300. ಆದರೆ ಈ ಉತ್ತರ ತಪ್ಪು! ಬೆರೆಸಿದ ಶುದ್ಧ ನೀರಿನಲ್ಲಿಯೂ ಆಮ್ಲಜನಕ ತುಸು ಇಳಿಯುತ್ತದೆ. ಅದನ್ನಷ್ಟೇ ತುಂಬಿದ ಜೊತೆ ಸೀಸೆಯಲ್ಲಿ ಇಳಿಕೆ 0.2 ಇದ್ದರೆ, ಕೊಳೆಯ ಪಾಲಿಗೆ ಬರುವುದು 2.8, ಉತ್ತರ 280. ಔಷಧದ ಪರೀಕ್ಷೆಯಲ್ಲಿ ಕೆಲವು ರೋಗಿಗಳಿಗೆ ಔಷಧವಿಲ್ಲದ ಗುಳಿಗೆ ಕೊಡುವುದೂ ಇದೇ ಕಾರಣಕ್ಕೆ: ಜ್ವರ ತಾನಾಗಿಯೇ ಎಷ್ಟು ಇಳಿಯುತ್ತಿತ್ತು ಎಂಬುದು ತಿಳಿಯಬೇಕು.

ಶೇಕಡಾ ಲೆಕ್ಕವೂ ಮೋಸಗೊಳಿಸಬಲ್ಲದು. ನೀರನ್ನು ಶುದ್ಧೀಕರಿಸಿ ಬೇಡಿಕೆಯನ್ನು 2000ದಿಂದ 200ಕ್ಕೆ ತಂದರೆ ಶೇಕಡಾ 90ರಷ್ಟು ಇಳಿಕೆಯೆಂಬುದು ನಿಜ. ಆದರೆ ಹಳ್ಳ-ಹೊಳೆಗಳಿಗೆ ಬಿಡುವ ತ್ಯಾಜ್ಯ ನೀರಿಗೆ ಭಾರತದಲ್ಲಿರುವ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಮೀನಿಗೆ ಶೇಕಡಾ ಲೆಕ್ಕ ಗೊತ್ತಿಲ್ಲ.

ಮೂರನೆಯ ದಿನ ಸೀಸೆಯಲ್ಲಿ ಆಮ್ಲಜನಕವೇ ಉಳಿಯದಿದ್ದರೆ ಆ ಸೀಸೆಯ ಲೆಕ್ಕವನ್ನು ಕೈಬಿಡಬೇಕು. ಬೇಡಿಕೆ ಇನ್ನೆಷ್ಟಿತ್ತೋ ಅದು ಹೇಳಲಾರದು. ಹೊಸದಾಗಿ ನೀರು ತಂದು, ಇನ್ನೂ ಹೆಚ್ಚು ತೆಳುವಾಗಿಸಿ, ಮತ್ತೆ ಮೂರು ದಿನ ಕಾಯಬೇಕು. ಅಷ್ಟರಲ್ಲಿ ಕಾಲುವೆಯ ನೀರು ಹಳ್ಳ ಸೇರಿರುತ್ತದೆ. ಅದಕ್ಕಾಗಿಯೇ ಅವಸರದ ಸಂದರ್ಭಗಳಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟಿನೊಡನೆ ಎರಡು ಗಂಟೆ ಕುದಿಸುವ ಮತ್ತೊಂದು ಪರೀಕ್ಷೆಯನ್ನು ಮಾಡುತ್ತಾರೆ. ಸೂಕ್ಷ್ಮಜೀವಿಗಳು ಮುಟ್ಟದ ವಸ್ತುಗಳೂ ಅದರ ಲೆಕ್ಕಕ್ಕೆ ಸೇರುವುದರಿಂದ ಅಲ್ಲಿ ಬರುವ ಸಂಖ್ಯೆ ಸಾಮಾನ್ಯವಾಗಿ ಹೆಚ್ಚು.