ಕಪ್ಪು ಕೀ ಐದು, ರಾಗವೂ ಐದು

‘ಶಾಸ್ತ್ರೀಯ ಸಂಗೀತ ನಮ್ಮಂಥವರಿಗಲ್ಲ’ ಎಂದು ಹೇಳುವವರು ಬಹಳ. ಅವರಿಗೆ ಬೇಕಾದುದು ದೀರ್ಘ ವಿವರಣೆಯಲ್ಲ, ಸೋದಾಹರಣ ಭಾಷಣ: ಒಂದು ಮಾತು ಹೇಳಿ ಕೂಡಲೇ ಹಾಡಿ ತೋರಿಸುವುದು. 1928ರಲ್ಲಿ ಸ್ಥಾಪನೆಯಾದ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಬೆಳಗಿನ ಗೋಷ್ಠಿಗಳಲ್ಲಿ ಈ ಪದ್ಧತಿ ಬಹುಕಾಲದಿಂದ ಇದೆ. ಆದರೆ ಅಲ್ಲಿ ಕೇಳುವವರು ಬಹುಮಟ್ಟಿಗೆ ಬಲ್ಲವರೇ. ಹೊಸಬರಿಗೆ ಇನ್ನೂ ಸರಳವಾದ ದಾರಿ ಬೇಕು.

ನಿಮ್ಮೂರ ಭಜನಾ ಮಂದಿರದ ಹಾರ್ಮೋನಿಯಂ ಸಾಕು. ಅದರ ಕಪ್ಪು ಕೀಗಳು ಮೂರು ಮತ್ತು ಎರಡರ ಗುಂಪಾಗಿರುತ್ತವೆ. ಮೂರರ ಗುಂಪಿನ ಮೊದಲನೆಯದನ್ನು ಷಡ್ಜವೆಂದು ಹಿಡಿದು, ಅದನ್ನೇ ಶ್ರುತಿಯಾಗಿ ನುಡಿಸುತ್ತಾ ಕಪ್ಪು ಕೀಗಳಲ್ಲೇ ಮೇಲೆ ಹೋಗಿ. ಅದು ಮೋಹನ. ಎರಡನೆಯದನ್ನು ಷಡ್ಜ ಮಾಡಿದರೆ ಅವೇ ಕೀಗಳಲ್ಲಿ ಮಧ್ಯಮಾವತಿ, ಮೂರನೆಯದರಿಂದ ಹಿಂದೋಳ. ಮುಂದಿನ ಜೋಡಿಯ ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಉದಯರವಿಚಂದ್ರಿಕೆ. ಇದಕ್ಕೆ ಗ್ರಹಭೇದ ಎಂದು ಹೆಸರು. ಬದಲಾದದ್ದು ಸ್ವರಗಳಲ್ಲ, ಆಧಾರ. ತಂಬೂರಿ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು.

ಆದರೆ ಇದು ರಾಗದ ಅಸ್ಥಿಪಂಜರ ಮಾತ್ರ. ಆಮೇಲೆ ಗಾಯಕರು ಹಿಂದೋಳದ ನಿಷಾದವನ್ನು ಓಲಾಡಿಸಿ ಹಾಡಬೇಕು. ಹಾರ್ಮೋನಿಯಂ ಮಾಡಲಾಗದ ಆ ಓಲಾಟವೇ ಗಮಕ. ಎರಡನ್ನೂ ಒಂದರ ಹಿಂದೊಂದು ಕೇಳಿಸಿದರೆ ವ್ಯಾಖ್ಯೆ ಬೇಕಾಗುವುದಿಲ್ಲ. ಲಕ್ಷಣವನ್ನೇ ಹತ್ತು ನಿಮಿಷ ಓದುವ ವಿದ್ವಾಂಸರೂ ಉಂಟು. (ಆಗ ಕ್ಯಾಮೆರಾಮನ್ ಆಕಳಿಸುವುದು ನಿರ್ಮಾಪಕನಿಗೆ ಮಾತ್ರ ಕಾಣುತ್ತದೆ.)

ಇನ್ನು ತನಿ ಆವರ್ತನ. ಮೃದಂಗ ಒಂದೇ ಉಳಿಯಿತೆಂದರೆ ಅರ್ಧ ಸಭೆ ಕಾಫಿಗೆ ಏಳುತ್ತದೆ. ಅಲ್ಲಿ ನಡೆಯುವುದು ಲೆಕ್ಕವೆಂದು ಯಾರೂ ಅವರಿಗೆ ತೋರಿಸಿಲ್ಲ. ಆದಿತಾಳಕ್ಕೆ ಎಂಟು ಎಣಿಕೆ, ಎಣಿಕೆಗೆ ನಾಲ್ಕು ಅಕ್ಷರ, ಒಟ್ಟು 32. ‘ತದಿಗಿಣತೊಂ’ ಐದು ಅಕ್ಷರ. ಅದನ್ನು ಮೂರು ಸಲ ಹೇಳಿ, ನಡುವೆ ಎರಡೆರಡು ಅಕ್ಷರ ಮೌನ ಬಿಟ್ಟರೆ 19. ಹಾಗಾದರೆ 13 ಅಕ್ಷರ ಕಳೆದ ಮೇಲೆ, ಅಂದರೆ ಮೂರು ಎಣಿಕೆ ಮುಗಿದು ಇನ್ನೊಂದು ಅಕ್ಷರವಾದ ಮೇಲೆ ಹೊರಟರೆ, ಸರಿಯಾಗಿ ಸಮಕ್ಕೆ ಬಂದು ಸೇರುತ್ತದೆ. ಕಲಾವಿದರು ಕಟ್ಟುವ ಲೆಕ್ಕಗಳು ಇದಕ್ಕಿಂತ ಎಷ್ಟೋ ಉದ್ದ, ತತ್ತ್ವ ಇದೇ. ಪ್ರಾತ್ಯಕ್ಷಿಕೆಯಲ್ಲಿ ಇದನ್ನು ಮೊದಲು ಬಾಯಲ್ಲಿ ಹೇಳಿಸಿ, ಸಭಿಕರಿಂದಲೇ ತಾಳ ಹಾಕಿಸಿ, ಕೊನೆಗೆ ಮೃದಂಗದಲ್ಲಿ ನುಡಿಸಬೇಕು. ಮುಂದಿನ ಕಚೇರಿಯಲ್ಲಿ ನೀವೂ ಕುಳಿತಲ್ಲೇ ಎಣಿಸಿ ನೋಡಿ. ಮುಕ್ತಾಯ ಮೂರು ಸಲ ಬಂದೊಡನೆ ಗಾಯಕರು ಸಾಹಿತ್ಯವನ್ನು ಎತ್ತಿಕೊಳ್ಳುತ್ತಾರೆ.